ಕಳ್ಳನೆಂದು ಬೈದದ್ದಕ್ಕೆ ಇಗ್ಗುತ್ತಪ್ಪ ಕೊಟ್ಟ ಉತ್ತರ

ಆಸ್ಪತ್ರೆಯಿಂದ ಹೊರಗೆ ಬಂದ ದಿನ ನನಗೆ ಎಲ್ಲವೂ ನೆನಪಿತ್ತು, ನಾನೇ ಕಟ್ಟಿದ ಹಾಡುಗಳನ್ನು ಬಿಟ್ಟು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರನೆಯ ವರ್ಷ, ಕಾಫಿ ಹೂ ಬಿಡುವ ಕಾಲ. ಟೈಫಾಯ್ಡ್ ಜ್ವರ ನೆತ್ತಿಗೇರಿದಾಗ ನನ್ನನ್ನು ಎಸ್ಟೇಟಿನ ಜೀಪಿನಲ್ಲಿ ಮಲಗಿಸಿ ಚೆಟ್ಟಳ್ಳಿಯಿಂದ ಮಡಿಕೇರಿಗೆ ಒಯ್ದರಂತೆ. 'ಅಂತೆ' ಎಂದೆ. ಆ ಪ್ರಯಾಣದಲ್ಲಿ ನನಗೆ ಉಳಿದಿರುವುದು ಒದ್ದೆ ಟಾರ್ಪಾಲಿನ ವಾಸನೆ ಮಾತ್ರ. ಅದು ಆ ದಿನದ್ದೇ ಎಂದು ಆಣೆ ಮಾಡಲಾರೆ. ಈ ಪತ್ರಿಕೆಗೆ ಭಕ್ತರು ಬರೆದ ಅನುಭವಗಳನ್ನು ಅವ್ವನಿಗೆ ಓದಿ ಹೇಳುವವನು ನಾನೇ. ಎಲ್ಲರಿಗೂ ಎಲ್ಲವೂ ನಿನ್ನೆ ನಡೆದಂತೆ ನೆನಪಿರುತ್ತದೆ. ಎಲ್ಲರೂ ಕಣ್ಣೀರು ಹಾಕಿ ಬೇಡುತ್ತಾರೆ, ಸ್ವಾಮಿ ಕರಗುತ್ತಾನೆ. ನಾನು ಕಣ್ಣೀರು ಹಾಕಲಿಲ್ಲ. ಬೇಡಿದೆನೋ ಇಲ್ಲವೋ, ಅದೂ ಖಚಿತವಿಲ್ಲ. ಆದರೂ ನನಗೆ ಉತ್ತರ ಬಂತು. ಅದನ್ನು ಸಂಶಯವಿರುವಲ್ಲಿ ಸಂಶಯವೆಂದೇ ಹೇಳಿ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ದೇವರಿಲ್ಲ ಎಂಬುದಕ್ಕಿರುವ ವಾದಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಊರಿಗೆ ಬಂದವನು ನಾನು. ಶಾಲೆಯಲ್ಲಿ ಮೇಷ್ಟರ ಕೆಲಸ ಹೊಟ್ಟೆಗಾಗಿ. ಬದುಕುತ್ತಿದ್ದುದು ಭಾನುವಾರಕ್ಕಾಗಿ. ಅಂದು ಸಿದ್ದಾಪುರದ ಸಂತೆ. ಸಂತೆ ಮುಗಿಸಿದ ಜನ ಸಂಜೀವಣ್ಣನ ಕಾಫಿ ಹೋಟೆಲಿನ ಹಿಂದಿನ ಕೋಣೆಗೆ ಬರುತ್ತಿದ್ದರು. ನಾಲ್ಕು ಬೆಂಚು, ಗೋಡೆಗೆ ಒರಗಿಸಿದ ಅಕ್ಕಿ ಮೂಟೆಗಳು, ಅಡುಗೆಮನೆಯಿಂದ ನುಗ್ಗುವ ಹೊಗೆ. ಅಲ್ಲಿ ನಾನು ಹಾಡುತ್ತಿದ್ದೆ. ದೇವರನಾಮವಲ್ಲ, ಸಿನಿಮಾ ಹಾಡಲ್ಲ, ನಾನೇ ಕಟ್ಟಿದವು. ಕೇಳುವವರು ಎಸ್ಟೇಟಿನ ಲೈನುಮನೆಗಳ ಕೆಲಸಗಾರರು, ಲಾರಿ ಡ್ರೈವರುಗಳು, ಯಜಮಾನನಿಗೆ ತಿಳಿಯದಂತೆ ಹಿಂದಿನ ಬಾಗಿಲಿನಿಂದ ಬರುವ ಒಬ್ಬಿಬ್ಬರು ರೈಟರುಗಳು, ಅಂದರೆ ಎಸ್ಟೇಟಿನ ಗುಮಾಸ್ತರು. ಹಾರ್ಮೋನಿಯಂ ನುಡಿಸುತ್ತಿದ್ದವನು ಟೈಲರ್ ಖಾದರ್. ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ಹಾಡುಗಳನ್ನು ನಾನು ಬರೆದಿಡುತ್ತಿರಲಿಲ್ಲ. ಶಾಲೆಯಿಂದ ಮನೆಗೆ ನಡೆಯುವ ದಾರಿಯಲ್ಲಿ ಕಟ್ಟುವುದು, ಭಾನುವಾರ ಹಾಡುವುದು, ಎದುರು ಕೂತವರ ಮುಖ ನೋಡಿ ಸಾಲು ಬದಲಿಸುವುದು ನನ್ನ ಕ್ರಮ. ಕಾಗದದ ಮೇಲಿನ ಹಾಡು ಗೂಟಕ್ಕೆ ಕಟ್ಟಿದ ಹಸು ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದ್ದೆ.

ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಭಾನುವಾರ ಬೆಂಚಿನ ಮೇಲೆ ಕೂತೆ. ಖಾದರ್ ಶ್ರುತಿ ಹಿಡಿದ. ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಶ್ಲೋಕಗಳಿದ್ದವು, ಮಗ್ಗಿಯಿತ್ತು, ದೇವರಿಲ್ಲ ಎಂಬ ವಾದಗಳೂ ಕ್ರಮವಾಗಿ ಕೂತಿದ್ದವು. ನನ್ನದು ಎನ್ನುವ ಒಂದು ಸಾಲೂ ಇರಲಿಲ್ಲ. ಖಾದರ್ ಇನ್ನೊಮ್ಮೆ ನುಡಿಸಿದ. ಮತ್ತೊಮ್ಮೆ ನುಡಿಸಿದ. ಹಿಂದಿನ ಬೆಂಚಿನಲ್ಲಿ ಯಾರೋ, "ಮೇಷ್ಟ್ರು ಪಾಠ ಓದ್ಕೊಂಡ್ ಬಂದಿಲ್ಲ" ಎಂದರು. ಎಲ್ಲರೂ ನಕ್ಕರು. ನಾನು ಎದ್ದು ಹೊರಗೆ ಹೋದೆ.

"ಪದ ನಿನಗಾದರೂ ನೆನಪಿಲ್ಲವೇನೋ? ಎರಡು ವರ್ಷ ಪಕ್ಕದಲ್ಲಿ ಕೂತಿದ್ದೆಯಲ್ಲ" ಎಂದು ಖಾದರನನ್ನು ಹಿಡಿದು ಕೇಳಿದೆ.

"ಮಾಷೆ, ನಾನು ಕೇಳೋದು ಸ್ವರ. ಪದ ನಿಂದು. ನನ್ನ ಕೈಯಲ್ಲಿ ಕೊಟ್ಟಿದ್ದೆಯಾ?"

ರಾಗಗಳೆಲ್ಲ ಅವನ ಬೆರಳಲ್ಲಿದ್ದವು, ಪದಗಳು ಎಲ್ಲೂ ಇಲ್ಲ. ಕೇಳಿದ್ದವರನ್ನೆಲ್ಲ ವಿಚಾರಿಸಿದೆ. ಒಬ್ಬ ಲಾರಿ ಡ್ರೈವರ್ ನೆನಪಿದೆ ಎಂದು ಹೇಳಿ ಸಿನಿಮಾ ಹಾಡು ಹಾಡಿದ. ಒಬ್ಬ ರೈಟರು, "ಬಹಳ ಚೆನ್ನಾಗಿತ್ತು ಸಾರ್, ಏನೋ ಕಾಫಿ ಬಗ್ಗೆ" ಎಂದರು. ಎರಡು ವರ್ಷದ ದುಡಿಮೆ 'ಏನೋ ಕಾಫಿ ಬಗ್ಗೆ' ಆಗಿತ್ತು. ಡಾಕ್ಟರರು ಇಷ್ಟೇ ಹೇಳಿದರು: ಜ್ವರ ತಲೆಗೇರಿದಾಗ ಹೀಗೆ ಆಗುವುದುಂಟು, ಬಂದರೆ ಬರಬಹುದು, ಬಾರದಿದ್ದರೆ ಇಲ್ಲ. ಹೊಸದಾಗಿ ಕಟ್ಟಲೂ ನೋಡಿದೆ. ಮೊದಲ ಸಾಲು ಬರುವಷ್ಟರಲ್ಲಿ, ಇದು ಹಳೆಯದೇ ಇರಬಹುದು, ಯಾರದೋ ಇರಬಹುದು ಎಂಬ ಸಂಶಯ ಬಂದು ಎರಡನೆಯ ಸಾಲು ಸಾಯುತ್ತಿತ್ತು.

ಸಂಜೀವಣ್ಣ ಮಂಗಳೂರು ಕಡೆಯವರು, ಕೆಟ್ಟವರಲ್ಲ. ಆದರೆ ಹೋಟೆಲು ನಡೆಯಬೇಕಲ್ಲ. "ಮಾರಾಯ, ನಾನು ಒಂದು ರೇಡಿಯೋ ತರಿಸ್ತಾ ಇದ್ದೇನೆ. ಮಳೆಗಾಲಕ್ಕೆ ಮೊದಲು ನಿನಗೆ ಆದ್ರೆ ಹಾಡು. ಇಲ್ಲದಿದ್ರೆ ಆ ಕೋಣೆಯಲ್ಲಿ ಅದನ್ನೇ ಇಡುದು. ಜನ ಸುಮ್ಮನೆ ಗೋಡೆ ನೋಡ್ಲಿಕ್ಕೆ ಕಾಫಿ ಕುಡೀತಾರಾ?"

ಇಡೀ ಕೊಡಗಿನಲ್ಲಿ ನನ್ನಂಥವನಿಗೆ ಬಾಗಿಲು ತೆರೆದಿದ್ದ ಕೋಣೆ ಅದೊಂದೇ. ಹಾಡು ಹೋಗಿತ್ತು, ಈಗ ಹಾಡುವ ಜಾಗವೂ ಹೋಗುವುದರಲ್ಲಿತ್ತು.

ಮನೆಯಲ್ಲಿ ಅವ್ವ ಬೇರೆಯೇ ಏರ್ಪಾಡು ಮಾಡಿಕೊಂಡಿದ್ದಳು. ನಮ್ಮದು ಅರೆಭಾಷೆ ಆಡುವ ಮನೆ. "ನಾ ಪಾಡಿ ಇಗ್ಗುತ್ತಪ್ಪಂಗೆ ಹರಕೆ ಹೇಳಿಯೊಳೆ" ಎಂದಳು. "ಹಾಡ್ ವಾಪಸ್ ಬಂದರೆ ನೀ ಅವನ ಎದುರು ನಿಂತ್ ಹಾಡೊಕು."

"ನಾನು ನಂಬುವುದಿಲ್ಲ ಅವ್ವ."

"ನಿನ್ನ ನಂಬು ಅಂತ ಯಾರ್ ಹೇಳ್ದ? ಬಸ್ಸ್‌ಲಿ ಕುದ್ದರೆ ಸಾಕ್."

ಸಿಟ್ಟಿನಲ್ಲೇ ಬಸ್ಸು ಹತ್ತಿ ಕೂತೆ. ಮಡಿಕೇರಿಯಲ್ಲಿ ಬಸ್ಸು ಬದಲಿಸಿ ನಾಪೋಕ್ಲು ದಾಟಿ ಕಕ್ಕಬೆಗೆ. ಕೊಡಗಿನ ಮಳೆ ಬೆಳೆಯ ದೇವರು ಇಗ್ಗುತ್ತಪ್ಪನ ಗುಡಿ ಅಲ್ಲಿಯ ಪಾಡಿ ಗುಡ್ಡದ ಮೇಲಿದೆ. ಪಕ್ಕದಲ್ಲಿ ಬುಟ್ಟಿಯೊಳಗಿನ ಕೋಳಿ ದಾರಿಯುದ್ದಕ್ಕೂ ನನ್ನ ಮೊಣಕಾಲು ಕುಟ್ಟಿತು. ಇಳಿದು ಗುಡ್ಡ ಹತ್ತುವಾಗ, ಜ್ವರದಿಂದ ಎದ್ದವನು, ಎರಡು ಕಡೆ ಕೂತು ದಣಿವಾರಿಸಿಕೊಂಡೆ. ಅವ್ವ ಮುಂದೆ ಮುಂದೆ ನಡೆದಳು, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಗುಡಿಯ ಎದುರು ಏನು ನಡೆಯಿತು ಎಂಬಲ್ಲಿಯೇ ತಕರಾರು. ನನ್ನ ನೆನಪಿನಲ್ಲಿ ನಾನು ಗಟ್ಟಿಯಾಗಿ ಬೈದೆ. "ನಿನಗೆ ನನ್ನ ಹಾಡು ಬೇಕಿದ್ದರೆ ಕೇಳಬಹುದಿತ್ತು. ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದವನ ಮನೆಗೆ ನುಗ್ಗಿ ಕದ್ದೆಯಲ್ಲ. ಬೆಟ್ಟದ ಮೇಲೆ ಕೂತ ಕಳ್ಳ ನೀನು." ಇದೇ ಮಾತು, ಇದೇ ಕ್ರಮದಲ್ಲಿ. ಆದರೆ ಅವ್ವ ಹೇಳುವುದು ನಾನು ತುಟಿ ಬಿಚ್ಚಲೇ ಇಲ್ಲ, ಹಲ್ಲು ಕಚ್ಚಿ ಕಂಬದಂತೆ ನಿಂತಿದ್ದೆ ಎಂದು. ಅರ್ಚಕರು ಪ್ರಸಾದ ಕೊಟ್ಟು, "ಆಯಾಸ ಆಗಿದೆ, ಸ್ವಲ್ಪ ಕೂತುಕೊಳ್ಳಿ" ಎಂದರು. ಗರ್ಭಗುಡಿಯ ಮುಂದೆ ಹಾಗೆ ಅರಚಿದವನಿಗೆ ಯಾವ ಅರ್ಚಕರೂ ಹಾಗೆ ಹೇಳುವುದಿಲ್ಲ. ಹಾಗಾದರೆ ಅವ್ವನೇ ಸರಿ ಇರಬೇಕು. ಆ ಬೈಗುಳ ನನ್ನ ಬಾಯಿಯಿಂದ ಹೊರಗೆ ಬರಲಿಲ್ಲ. ಬಾರದೆಯೂ ಅದು ಕೇಳಿಸಿತು ಎಂದು ನಾನು ಇಂದು ನಂಬುತ್ತೇನೆ. ಏಕೆಂದರೆ ಅದಕ್ಕೆ ಉತ್ತರ ಬಂತು.

ಕೂಡಲೇ ಬರಲಿಲ್ಲ. ಕಕ್ಕಬೆಯಿಂದ ಬಂದ ಮೇಲೆ ಎಷ್ಟೋ ವಾರ ಹಾಗೇ ಕಳೆದವು. ಮೇ ತಿಂಗಳು ಬಂತು. ಸಂಜೀವಣ್ಣನ ರೇಡಿಯೋ ಬಂತು. ಆ ಭಾನುವಾರ ಅದನ್ನು ಹಿಂದಿನ ಕೋಣೆಗೆ ಹೊತ್ತು ತಂದು, ನಾನು ಕೂರುತ್ತಿದ್ದ ಬೆಂಚಿನ ಮೇಲೆಯೇ ಇಟ್ಟರು. ನಾನು ಮೂಲೆಯಲ್ಲಿ ಮೂಟೆಗೆ ಒರಗಿ ಕೂತು, ರೇಡಿಯೋವನ್ನೂ ನೋಡುತ್ತ, ತಣ್ಣಗಾದ ಕಾಫಿಯನ್ನೂ ನೋಡುತ್ತ, ಈ ಊರು ಬಿಟ್ಟುಹೋಗುವ ಯೋಚನೆಯಲ್ಲಿದ್ದೆ.

ದಕ್ಷಿಣ ಕೊಡಗಿನವರಿಗೆ ಕುಂಡೆ ಹಬ್ಬ ಏನೆಂದು ಹೇಳಬೇಕಿಲ್ಲ. ದೂರದ ಓದುಗರಿಗಾಗಿ ಹೇಳುತ್ತೇನೆ. ಇಲ್ಲಿಯ ಕುರುಬರು ಮತ್ತು ಎರವರು ವರ್ಷಕ್ಕೊಮ್ಮೆ ತಮ್ಮ ದೇವರನ್ನು ಬಾಯಿಗೆ ಬಂದಂತೆ ಬೈಯುವ ಹಬ್ಬ ಅದು. ಜೊತೆಗಿದ್ದವನು ತಮ್ಮನ್ನು ಕೈಬಿಟ್ಟು ಓಡಿಹೋದ ಎಂಬುದು ಅವರ ದೂರು. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಗಂಡಸರು ಸೀರೆ ಉಟ್ಟು, ಮುಖಕ್ಕೆ ಮಸಿ ಬಳಿದು, ಡಬ್ಬ ಸೋರೆಬುರುಡೆ ಬಡಿಯುತ್ತ ಅಂಗಡಿ ಅಂಗಡಿಗೂ ಬರುತ್ತಾರೆ. ದೇವರನ್ನೂ ಬೈಯುತ್ತಾರೆ, ಎದುರು ಸಿಕ್ಕವರನ್ನೂ ಬೈಯುತ್ತಾರೆ. ಬೈಸಿಕೊಂಡವರು ಸಿಟ್ಟು ಮಾಡುವಂತಿಲ್ಲ, ಕಾಣಿಕೆ ಹಾಕಿ ನಗಬೇಕು.

ಅಂಥ ಒಂದು ಗುಂಪು ಹಿಂದಿನ ಬಾಗಿಲಿನಿಂದ ನುಗ್ಗಿತು. ಮುಂದಾಳು ಚಾಮ, ಪಕ್ಕದ ಎಸ್ಟೇಟಿನ ಲೈನಿನವನು, ಯಾರದೋ ಹಸಿರು ಸೀರೆಯಲ್ಲಿ. ಡಬ್ಬದ ಪೆಟ್ಟು ಬಿತ್ತು. ಹಾಡು ಶುರುವಾಯಿತು.

*ಬೆಳ್ಳಗೆ ನಕ್ಕ ಕಳ್ಳ ದೇವರು
ಕಪ್ಪಗೆ ಕೂತೀವಿ ನಾವು
ಉಂಡ ಮನೆಗೇ ಬೆನ್ನು ತೋರ್ಸ್ದ
ಬಾಯಿ ಬಿಟ್ಟೀವಿ ನಾವು*

ಮೊದಲು ಕೇಳಿಸಿದ್ದು ಕಳ್ಳ ಎಂಬ ಮಾತು. ನಾನು ಕಕ್ಕಬೆಯಲ್ಲಿ ಎಸೆದ ಕಲ್ಲು ಸಿದ್ದಾಪುರದಲ್ಲಿ ನನ್ನ ಮುಂದೆಯೇ ಬಂದು ಬಿತ್ತು. ಆಮೇಲೆ ಖಾದರ್ ತಲೆ ಎತ್ತಿದ್ದು ಕಂಡಿತು. ಅದು ನನ್ನ ರಾಗ. ಎರಡು ವರ್ಷ ಅದೇ ಕೋಣೆಯಲ್ಲಿ ಕೇಳಿ ಕೇಳಿ, ದೇವರನ್ನು ಬೈಯಲು ಹದವಾಗಿದೆ ಎಂದು ಎತ್ತಿಕೊಂಡಿದ್ದರು.

ಸಿಟ್ಟು ಮಾಡುವಂತಿಲ್ಲ ಎಂಬ ಕಟ್ಟಳೆ ನನಗೆ ಗೊತ್ತಿತ್ತು. ಆದರೆ ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಎದ್ದು ನಿಂತು, "ನಿಲ್ಲಿಸೋ ಚಾಮ, ತಪ್ಪು. ಅದು ಹಾಗಲ್ಲ" ಎಂದು ಕೂಗಿದೆ.

"ಹಂಗಲ್ದಿದ್ರೆ ಇನ್ಹೆಂಗೆ ಬುದ್ದಿ? ನೀವೇ ಬೈದು ತೋರ್ಸಿ" ಎಂದು ಚಾಮ ಸೆರಗು ಬೀಸಿದ. ಕೋಣೆಯೆಲ್ಲ ನಕ್ಕಿತು. ನಾನು ಅದೇ ರಾಗದಲ್ಲಿ ತಿದ್ದಿ ಹೇಳಿದೆ.

*ಬೆಳ್ಳಗೆ ಅರಳಿತು ದೊರೆಗಳ ತೋಟ
ಕಪ್ಪಗೆ ಕುಡಿದೆವು ನಾವು
ಹೂವಿನ ವಾಸನೆ ಗೇಟಿನ ಒಳಗೆ
ಗೇಟಿನ ಹೊರಗಡೆ ನಾವು*

ಹೇಳಿ ಮುಗಿಸಿದ ಮೇಲೆಯೇ ಹಾಡು ಬಂದಿದೆ ಎಂದು ನನಗೆ ತಿಳಿದದ್ದು. ತಪ್ಪು ಎಂದು ನನಗೆ ಗೊತ್ತಾದದ್ದು ಹೇಗೆ? ಸರಿ ಯಾವುದೆಂದು ಒಳಗೆ ಎಲ್ಲೋ ಇದ್ದುದರಿಂದ ತಾನೆ? ಖಾದರ್ ಮೂಟೆಗಳ ಸಂದಿಯಿಂದ ಹಾರ್ಮೋನಿಯಂ ಎಳೆಯುತ್ತ ಮೆಲ್ಲಗೆ, "ಕೂರಬೇಡ ಮಾಷೆ. ಸಿಟ್ಟು ಇಳಿಯೋ ಮೊದಲು ಹಾಡು" ಎಂದ. ಮತ್ತೆ ಚಾಮನ ಕಡೆ ತಿರುಗಿ, "ಇನ್ನೊಂದು ಹಾಡು ಕೆಡಿಸು" ಎಂದ.

ಅವರು ಕೆಡಿಸಿದರು. ಅದರಲ್ಲಿ ಅವರಿಗೆ ಬೇಸರವೇ ಇರಲಿಲ್ಲ. ಒಂದರಲ್ಲಿ ಸಂಜೀವಣ್ಣನ ನೀರು ಕಾಫಿಗೆ ಬೈಗುಳ, ಒಂದರಲ್ಲಿ ನನ್ನ ಮೂಗಿಗೆ. ನಾನು ಪ್ರತಿಯೊಂದಕ್ಕೂ ಕೆರಳಿ ತಿದ್ದುತ್ತಾ ಹೋದೆ. ತಿದ್ದಿದ್ದೆಲ್ಲ ಹಾಡಾಗಿ ಬಂತು. ಎಲ್ಲ ಹಾಡುಗಳೂ ಬರಲಿಲ್ಲ, ಕೆಲವು ಇಂದಿಗೂ ಬಂದಿಲ್ಲ. ಆ ಸಂಜೆ ಸಂಜೀವಣ್ಣ ರೇಡಿಯೋವನ್ನು ಎತ್ತಿ ಮುಂದಿನ ಕೋಣೆಗೆ ಒಯ್ದರು. "ಅದಕ್ಕೆ ಸಿಟ್ಟು ಬರೂದಿಲ್ಲ ಮಾರಾಯ. ಇಲ್ಲಿ ನೀನೇ ಇರು."

ಈಗ ನನ್ನೊಳಗಿನ ಮೈಸೂರು ಕೇಳುತ್ತದೆ: ಅಂದು ಬಾಯಿಗೆ ಬಂದ ಸಾಲುಗಳು ಹಳೆಯವೇ ಎಂಬುದಕ್ಕೆ ಸಾಕ್ಷಿ ಏನು? ಆ ಕ್ಷಣದಲ್ಲಿ ಹೊಸದಾಗಿ ಹುಟ್ಟಿ, ಹಳೆಯದರಂತೆ ವೇಷ ಹಾಕಿ ಬಂದಿರಬಾರದೇಕೆ? ಸಾಕ್ಷಿ ಇಲ್ಲ. ಕಳೆದದ್ದು ಮರಳಿತೋ, ಇಲ್ಲದ್ದು ಸಿಕ್ಕಿತೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಅದು ಕೊಟ್ಟದ್ದೇ ಹೊರತು ನಾನು ಸಂಪಾದಿಸಿದ್ದಲ್ಲ. ಅಷ್ಟು ಮಾತ್ರ ಖಚಿತ.

ಮಳೆ ಹಿಡಿಯುವ ಮೊದಲು ಹರಕೆ ತೀರಿಸಲು ಹೋದೆವು. ಅರ್ಚಕರು ಒಳ್ಳೆಯ ಮಾತಿನಲ್ಲೇ, "ಹೊರಗಿನ ಅಂಗಳದಲ್ಲಿ ನಿಂತು ಹಾಡಿ" ಎಂದರು. ಹೊರಗೆ. ಇದ್ದ ಹಾಡುಗಳಲ್ಲಿ ಗೇಟಿನ ಹಾಡನ್ನೇ ಆರಿಸಿಕೊಂಡೆ. ಒಳಗಿರುವವನಿಗೂ ಕೇಳಲಿ ಎಂದು ಗಟ್ಟಿಯಾಗಿ ಎತ್ತಿದೆ. ಮೂರು ಸಾಲು ಬಂತು. ನಾಲ್ಕನೆಯದು ಬರಲಿಲ್ಲ. ಅದೇ ಬರಿದು, ಅದೇ ತೆರೆದ ಬಾಯಿ. ದೀಪ ಕಾಣುತ್ತಿತ್ತು, ಜನ ನೋಡುತ್ತಿದ್ದರು.

ಆಗ ಹಿಂದಿನಿಂದ ಅವ್ವನ ಧ್ವನಿ, ರಾಗವೂ ಇಲ್ಲದೆ, ಗಟ್ಟಿಯಾಗಿ: "ಗೇಟಿನ ಒಳಗೇ ನಾವು."

"ಒಳಗಲ್ಲ ಅವ್ವ, ಹೊರಗಡೆ" ಎಂದು ಸಿಡುಕಿ ತಿರುಗಿದೆ. ತಿರುಗುವಾಗಲೇ ಸಾಲು ಸಿಕ್ಕಿತ್ತು. ಹಾಡು ಮುಗಿಯಿತು.

ಬಸ್ಸಿನಲ್ಲಿ ಕೇಳಿದೆ, "ನನಗೆ ಸಿಟ್ಟು ಬರಲಿ ಎಂದು ಬೇಕೆಂದೇ ತಪ್ಪು ಹೇಳಿದೆಯಾ?"

ಅವ್ವ ಮಡಿಲಲ್ಲಿದ್ದ ಪ್ರಸಾದದ ಎಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ತಪ್ಪ್ ಎಂತದ್? ಅಲ್ಲಿ ನಿಂತಿದ್ದಂಗ ನಂಗೆ ಹೊರಗೆ ಇದ್ದ ಹಂಗೆ ಆತ್ಲೆ ಮಗ." ಅಂಗಳದಲ್ಲಿ ನಿಂತಾಗ ಹೊರಗಿದ್ದಂತೆ ಅವಳಿಗೆ ಅನ್ನಿಸಲೇ ಇಲ್ಲವಂತೆ.

ಓದುವ ಬಂಧುಗಳೇ, ಅಳಲು ಬರದವರು ಬೈಯಿರಿ. ಇಲ್ಲದವನ ಮೇಲೆ ಯಾರಿಗೂ ಇಷ್ಟು ಸಿಟ್ಟು ಬರುವುದಿಲ್ಲ. ತತ್ತ್ವಶಾಸ್ತ್ರ ಓದಿದವನು ಕಂಡುಕೊಂಡ ವಾದ ಇದೊಂದೇ. ಪಾಡಿ ಇಗ್ಗುತ್ತಪ್ಪನಿಗೆ ನಾನು ಋಣಿ. ಅವನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಹೋಗುವುದೂ ಬೇಡ. ಭಾನುವಾರಗಳಲ್ಲಿ ಈಗಲೂ ಹಾಡುತ್ತೇನೆ, ಈಗಲೂ ನಡುವೆ ಸಾಲು ತಪ್ಪುತ್ತದೆ, ಯಾರಾದರೂ ಕೆಡಿಸಿ ಹೇಳಿ ನನ್ನನ್ನು ಕೆರಳಿಸುತ್ತಾರೆ. ನನ್ನ ತಲೆಯನ್ನು ನಾನು ನಂಬುವುದಿಲ್ಲ. ಅದು ಒಮ್ಮೆಯೂ ಕೈಬಿಡದೆ ಹಿಡಿದಿಟ್ಟುಕೊಂಡಿರುವ ಸಾಲು ಒಂದೇ ಒಂದು. ಅದು ನಾನು ಕಟ್ಟಿದ್ದಲ್ಲ, ಅವ್ವ ಅಂಗಳದಲ್ಲಿ ನಿಂತು ಹೇಳಿದ ಆ ತಪ್ಪು ಸಾಲು.