ಹಾಡಿನ ಪೆಟ್ಟಿಗೆಯಲ್ಲಿ ಅಪ್ಪನ ಹೆಸರು

ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪನ ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ. ವರ್ಷಗಟ್ಟಲೆ ಸೋಮವಾರದ ಭಜನೆಯಲ್ಲಿ ಮುಂದೆ ಕೂತು ಹಾಡಿದವನು ಈಗ ಸಿಟ್ಟು ಬಂದರೂ ಪಿಸುಗುಟ್ಟಬೇಕು. ಅದನ್ನು ನೋಡಿದರೆ ನನಗೆ ನಗು ಬರುತ್ತಿತ್ತು, ಅದು ಅವನಿಗೆ ಕಾಣದಂತೆ ಮುಖ ತಿರುಗಿಸುತ್ತಿದ್ದೆ. ಸುರಪುರದ ನಮ್ಮ ಮನೆಯಲ್ಲಿ ಆ ಭಜನೆಗಳ ಕ್ಯಾಸೆಟ್ಟುಗಳು ಒಂದು ಟ್ರಂಕು ತುಂಬ ಇದ್ದವು. ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಮನೆಯ ಯಾವ ಫೋನಿನಿಂದ ಬೇಕಾದರೂ ಕೇಳುವಂತೆ ಮಾಡುತ್ತೇನೆ ಎಂದು ಜಂಬ ಕೊಚ್ಚಿಕೊಂಡೆ. ನನಗೆ ಅದರ ಗಂಧಗಾಳಿಯೂ ಇರಲಿಲ್ಲ.

ಯಾದಗಿರಿಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡು, ಶಹಾಪುರದವರೆಗೂ ಬಸ್ಸಿನಲ್ಲಿ ಸೀಟು ಸಿಗದೆ ಅದನ್ನು ಎದೆಗವಚಿಕೊಂಡು ನಿಂತೇ ಬಂದೆ. ಭಾನುವಾರಗಳೆಲ್ಲ ಕ್ಯಾಸೆಟ್ಟು ತಿರುಗಿಸುವುದರಲ್ಲೇ ಹೋದವು. ಅಂತೂ ಆ ಲ್ಯಾಪ್‌ಟಾಪೇ ಮನೆಯ ಫೋನುಗಳಿಗೆಲ್ಲ ಹಾಡು ಹಂಚುವ ಸರ್ವರ್ ಆಗಿ ಎದ್ದು ಕೂತಿತು. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ರೂಟರು ಅದಕ್ಕೆ ಹೊಸ ವಿಳಾಸ ಕೊಡುತ್ತಿತ್ತು, ಫೋನುಗಳು ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತಿದ್ದವು. ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆಂದು ನಾನು ಹೇಳಬೇಕಾಗಿಲ್ಲ. ಇದೇ ವಿಳಾಸ ಕಾಯಂ ಎಂದು ರೂಟರಿಗೆ ಹೇಳಿಕೊಡುವುದು ಕಲಿಯಲು ನನಗೆ ಹದಿನೈದು ದಿನ ಹಿಡಿಯಿತು. ಆಮೇಲೆ ಮಧ್ಯಾಹ್ನವಾದರೆ ಸಾಕು, ಲ್ಯಾಪ್‌ಟಾಪೇ ಆರಿಹೋಗತೊಡಗಿತು. ಫ್ಯಾನು ಬಿಚ್ಚಿ ನೋಡಿದೆ, ವೈರು ಬದಲಿಸಿದೆ. ಕೊನೆಗೆ ನೋಡಿದರೆ, ಧೂಳು ಬೀಳಬಾರದೆಂದು ಅವ್ವ ದಿನಾಲೂ ಅದಕ್ಕೆ ಎರಡು ಮಡಿಕೆಯ ಕೌದಿ ಹೊದಿಸುತ್ತಿದ್ದಳು. ಬೇಸಿಗೆಯಲ್ಲಿ ನಾವೇ ಹೊದೆಯದ ಕೌದಿ ಅದು.

ಇಷ್ಟಾದ ಮೇಲೆ ಫೋನಿನ ಪರದೆಯ ಮೇಲೆ ಎಲ್ಲ ಹಾಡುಗಳ ಕೆಳಗೂ 'ಅಪರಿಚಿತ ಕಲಾವಿದ' ಎಂದು ಬಂತು. ಅವ್ವನಿಗೆ ಓದಲು ಬಾರದು, ನಾನೇ ಓದಿ ಹೇಳಿದೆ. ಅವಳು ಊಟಕ್ಕೆ ಕೂತಿದ್ದ ಅಪ್ಪನ ಕಡೆ ಗದ್ದ ಎತ್ತಿ ತೋರಿಸಿ, "ಯಾರು ಅಪರಿಚಿತ? ಅಲ್ಲೇ ಕುಂತು ಉಣ್ಣಾಕತ್ತಾರಲ್ಲ" ಎಂದಳು.

ಹೆಸರು ತುಂಬುವ ಕೆಲಸಕ್ಕೆ ಅವಳನ್ನೇ ಹಿಡಿದೆ. ಭಜನೆಯಲ್ಲಿ ಹಾಡಿದವರಲ್ಲಿ ಯಾವ ದನಿ ಟೇಲರನದು, ಯಾವುದು ಕಿರಾಣಿ ಅಂಗಡಿಯವನದು ಎಂದು ಅರ್ಧ ಸಾಲಿಗೇ ಹೇಳುತ್ತಿದ್ದಳು. ಅಪ್ಪನ ಹಾಡು ಬಂದರೆ ಮಾತ್ರ ಮತ್ತೆ ಅದೇ ಗದ್ದ. ಅಪ್ಪ ತನ್ನ ಹೆಸರು ಪರದೆಯ ಮೇಲೆ ಮೂಡಿದ್ದನ್ನು ಕನ್ನಡಕ ಹಾಕಿಕೊಂಡು ನೋಡಿ, ಅಕ್ಷರ ಇನ್ನಷ್ಟು ದೊಡ್ಡದು ಮಾಡು ಎಂದ.

ಅವ್ವನಿಗಾಗಿ ನಾನು ಮೈಕಿನ ಗುರುತು ತೋರಿಸಿಕೊಟ್ಟೆ. ಅದನ್ನು ಒತ್ತಿ ಹಾಡಿದವನ ಹೆಸರು ಹೇಳಿದರೆ ಅವನ ಹಾಡು ಬರುತ್ತದೆ. ಟೇಲರನ ಹೆಸರು ಹೇಳಿದಳು, ಟೇಲರ ಹಾಡಿದ. ಅವಳಿಗೆ ಖುಷಿಯೋ ಖುಷಿ. ಆಮೇಲೆ "ನಿಮ್ಮಪ್ಪಂದು" ಎಂದಳು. ಏನೂ ಸಿಗಲಿಲ್ಲ ಎಂದು ಬಂತು. ಹೆಸರು ಹೇಳಬೇಕು ಅವ್ವ, ಬರೇ ಹೆಸರು, ಎಂದು ನಾನು ಕೂಗಾಡಿದೆ. ರೇಷನ್ ಅಂಗಡಿಯಲ್ಲೂ ಗಂಡನ ಹೆಸರು ಕೇಳಿದರೆ ಪಕ್ಕದವರನ್ನು ತಿವಿದು ಹೇಳಿಸುವವಳು ಅವಳು.

"ಹೆಸರ ಹಿಡದು ಕರಿಯಾಕ ನಾ ಏನ್ ಅವರವ್ವೇನು?" ಎಂದಳು.

ಸರಿ, ನಾನು ಅಪ್ಪನ ಹೆಸರು ಅಳಿಸಿ, ಆ ಜಾಗದಲ್ಲಿ 'ನಿಮ್ಮಪ್ಪ' ಎಂದು ಬರೆದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಅಪ್ಪ ಅದನ್ನು ನೋಡಿದ. "ಎಲ್ಲಾರ್ದೂ ಹೆಸರ ಅದಾವ. ನನಗಷ್ಟ ಹೆಸರಿಲ್ಲೇನು?" ಎಂದು ಪಿಸುಗುಟ್ಟಿದ. ದನಿ ಹೋದವನ ಹೆಸರನ್ನೂ ತೆಗೆದುಬಿಟ್ಟೆನಲ್ಲ ಎಂದು ನನಗೆ ನಾಚಿಕೆಯಾಯಿತು. ಮತ್ತೆ ಬರೆದೆ.

ಹಾಗಾಗಿ ಒಂದು ವಾರ ಮನೆಯಲ್ಲಿ ಟೇಲರನದೇ ದರಬಾರು. ನಾನು ಕೆಲಸಕ್ಕೆ ಹೋದರೆ ಅಪ್ಪನ ಹಾಡು ಹಚ್ಚುವವರಿಲ್ಲ. ಪರದೆಯ ಮೇಲಿನ ಹೆಸರು ಓದಿ, ಒತ್ತಿ ಹಚ್ಚುವುದು ಅಪ್ಪನಿಗೂ ಗೊತ್ತಿತ್ತು, ಆದರೆ ತನ್ನ ಹಾಡು ತಾನೇ ಹಚ್ಚಿಕೊಳ್ಳುವುದು ಅವಮಾನ ಎಂಬಂತೆ ಮುಟ್ಟುತ್ತಿರಲಿಲ್ಲ. ಟೇಲರ ಶುರುಮಾಡಿದ ಕೂಡಲೇ ಎದ್ದು ಕಟ್ಟೆಗೆ ಹೋಗಿ ಕೂಡುತ್ತಿದ್ದ. ಅವ್ವನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಮುಂದಿನ ಭಾನುವಾರ ಅಪ್ಪ ತಾನೇ ಫೋನು ತೆಗೆದುಕೊಂಡು, ಪರದೆಯ ಮೇಲಿನ ಹೆಸರು ಒತ್ತುವುದು ಬಿಟ್ಟು ಅವ್ವನ ಹಾಗೆ ಮೈಕು ಒತ್ತಿ, ತನ್ನ ಹೆಸರು ಹೇಳಿದ. ಫೋನಿಗೆ ಅವನ ಪಿಸುದನಿ ಕೇಳಲೇ ಇಲ್ಲ. ಬಾಯಿಗೆ ಹತ್ತಿರ ಹಿಡಿದು ಮತ್ತೆ ಹೇಳಿದ. ಮೂರನೆಯ ಸಲಕ್ಕೆ ಕುತ್ತಿಗೆಯ ನರಗಳು ಉಬ್ಬಿದವು. ನಾನು ಏಳುವಷ್ಟರಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು. ಹಿಟ್ಟಿನ ಕೈಯನ್ನು ದೂರ ಹಿಡಿದು, ಮೊಣಕೈಯಿಂದ ಸೆರಗು ತಲೆಯ ಮೇಲೆ ಸರಿಸಿಕೊಂಡು, ಅಪ್ಪನ ಕೈಯಲ್ಲಿದ್ದ ಫೋನಿಗೆ ಬಗ್ಗಿ ಅವನ ಹೆಸರು ಹೇಳಿದಳು. ಬಿಸಿ ತುತ್ತು ಉಗುಳಿದಂತೆ, ಒಂದೇ ಏಟಿಗೆ. ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಹಾಡು ಶುರುವಾಯಿತು. ತುಂಬು ಗಂಟಲಿನ, ಹಳೆಯ ಅಪ್ಪ. ನಾನು ಅಳುವುದೊಂದೇ ಬಾಕಿ. ಅವ್ವ ಆಗಲೇ ಅಡುಗೆಮನೆ ಸೇರಿದ್ದಳು. ಅಪ್ಪ ಮಾತ್ರ ಹಾಡಿನ ಕಡೆ ಕಿವಿಯನ್ನೇ ಕೊಡದೆ ನನ್ನನ್ನು ಕೈಸನ್ನೆಯಿಂದ ಕರೆದ. ಬಗ್ಗಿ ಅವನ ಬಾಯಿಗೆ ಕಿವಿ ಹಚ್ಚಿದೆ.

"ಹಾಡ ನಿಂದರ್ಸು" ಎಂದ. "ಆಕಿ ಇನ್ನೊಮ್ಮಿ ಹೇಳ್ಲಿ."