ಹಳದಿ ಉರಿಯ ಅಂಜಿಕೆ

ರಾಣೇಬೆನ್ನೂರಿನಲ್ಲಿ ಪಿಯುಸಿಗೆ ಸೇರಿದಾಗ ಕೆಮಿಸ್ಟ್ರಿ ನನಗೆ ಕಠಿಣ ಎನ್ನಿಸಲಿಲ್ಲ. ಪರಮಾಣುವಿನ ನಡುವೆ ಬೀಜಕೇಂದ್ರ, ಸುತ್ತ ಎಲೆಕ್ಟ್ರಾನು, ಅವುಗಳಿಗೆ ನಿಗದಿತ ಶಕ್ತಿಯ ಮಟ್ಟಗಳು. ಇದನ್ನೆಲ್ಲ ಓದುವುದು ಹಿತವಾಗಿಯೇ ಇತ್ತು. ಅಂಜಿಕೆ ಶುರುವಾದದ್ದು ಲ್ಯಾಬಿನ ಬೋರ್ಡಿನ ಮೇಲೆ ‘ಜ್ವಾಲೆ ಪರೀಕ್ಷೆ’ ಎಂದು ಬರೆದ ದಿನ. ಲವಣವನ್ನು ಉರಿಗೆ ಹಿಡಿದು, ಬರುವ ಬಣ್ಣದಿಂದ ಅದರಲ್ಲಿನ ಲೋಹ ಯಾವುದೆಂದು ಗುರುತಿಸಬೇಕಿತ್ತು.

ನಾನು ಸಣ್ಣವಳಿದ್ದಾಗ ಹಲಗೇರಿಯ ನಮ್ಮ ಅಡುಗೆಮನೆಯಲ್ಲಿ ಗ್ಯಾಸಿನ ಪೈಪು ಸೋರಿ ಬೆಂಕಿ ಹೊತ್ತಿತ್ತು. ಅವ್ವನ ಸೆರಗು ಹಿಡಿದು ಮೇಲೇರಿದ ಹಳದಿ ಉರಿಯನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಅಪ್ಪ ಕಂಬಳಿ ಹೊದಿಸಿ ಆರಿಸಿದ. ಅವ್ವ ಉಳಿದಳು, ಎಡಗೈಯ ಚರ್ಮ ಮೊಣಕೈತನಕ ಮುದುಡಿತು. ವಾಸಿಯಾದ ಮೇಲೆ ಅವಳು ಮತ್ತೆ ಒಲೆಯ ಮುಂದೆ ನಿಂತಳು. ನನ್ನಿಂದ ಆಗಲಿಲ್ಲ. ಸಾರು ಉಕ್ಕಿ ನೀಲಿ ಉರಿ ಫಕ್ಕನೆ ಹಳದಿಯಾದರೆ ಸಾಕು, ಅಂಗಳಕ್ಕೆ ಓಡುತ್ತಿದ್ದೆ.

ಲ್ಯಾಬ್ ಇದ್ದಾಗಲೆಲ್ಲ ಹೊಟ್ಟೆನೋವೆಂದು ತಪ್ಪಿಸಿಕೊಳ್ಳತೊಡಗಿದೆ. ಕೊನೆಗೆ ಹಾವೇರಿಯಿಂದ ಓಡಾಡುತ್ತಿದ್ದ ನಮ್ಮ ಕೆಮಿಸ್ಟ್ರಿ ಮೇಡಂ ಮನೆಗೆ ಫೋನು ಮಾಡಿದರು. ಮರುದಿನ ಅವ್ವ ನನ್ನ ಜೊತೆಗೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದು ಮಾತೂ ಬೈಯಲಿಲ್ಲ. ಅದರಿಂದಲೇ ಇನ್ನಷ್ಟು ಹೆದರಿಕೆಯಾಯಿತು.

ಕ್ಲಾಸು ಬಿಟ್ಟ ಮೇಲೆ ಖಾಲಿ ಲ್ಯಾಬಿನಲ್ಲಿ ಅವ್ವ ಮೇಡಂಗೆ ತನ್ನ ಕೈ ತೋರಿಸಿದಳು. “ಇದನ್ನ ಕಣ್ಣಾರೆ ನೋಡ್ಯಾಳ್ರಿ. ಅದಕ್ಕ ಬೆಂಕಿ ಕಂಡ್ರ ಅಂಜತಾಳ.”

ಮೇಡಂ ನನ್ನ ಕಡೆ ತಿರುಗಿ, “ಅಂಜೂದೇನ ತಪ್ಪಲ್ಲ ಬಿಡು. ಕೂದಲಾ ಹಿಂದ ಕಟ್ಟು, ವೇಲು ತಗದಿಡು. ನಾ ಪಕ್ಕದಾಗ ಇರ್ತೇನಿ,” ಎಂದರು.

ಬರ್ನರ್ ‘ಭಪ್’ ಎಂದು ಹೊತ್ತಿಕೊಂಡಾಗ ನಾನು ಹಿಂದೆ ಸರಿದು ಅವ್ವನಿಗೆ ಬಡಿದೆ. ಅವಳ ಎದೆ ಹೊಡೆದುಕೊಳ್ಳುತ್ತಿದ್ದುದು ನನ್ನ ಬೆನ್ನಿಗೆ ತಿಳಿಯಿತು. ದಿನಾ ಒಲೆ ಹೊತ್ತಿಸುವ ಅವ್ವನೂ ಅಂಜುತ್ತಾಳೆಂದು ನನಗೆ ಆ ತನಕ ಗೊತ್ತಿರಲಿಲ್ಲ.

ಮೇಡಂ ತಂತಿಯ ತುದಿಗೆ ಉಪ್ಪು ಹಚ್ಚಿ ಉರಿಗೆ ಹಿಡಿದರು. ನೀಲಿ ಹೋಗಿ ಹಳದಿ ಎದ್ದಿತು.

“ಇದು ಉಪ್ಪಿನಾಗಿನ ಸೋಡಿಯಂ. ಕಾವು ಹತ್ತಿದ ಕೂಡಲೇ ಅದರ ಎಲೆಕ್ಟ್ರಾನು ಮ್ಯಾಲಿನ ಮಟ್ಟಕ್ಕ ಹೋಗ್ತದ. ಅಲ್ಲಿ ಭಾಳ ಹೊತ್ತು ನಿಲ್ಲಂಗಿಲ್ಲ. ತಿರುಗಿ ಕೆಳಗ ಬರುವಾಗ ಆ ಶಕ್ತಿ ಬೆಳಕಾಗಿ ಹೊರಗ ಬರ್ತದ. ಸಾರು ಉಕ್ಕಿದಾಗ ಒಲಿ ಹಳದಿ ಆಗೂದೂ ಇದಕ್ಕ.”

“ನನ್ನ ಸೀರಿಗೆ ಹತ್ತಿದ್ದೂ ಇದನ ಏನ್ರಿ?” ಅವ್ವ ಕೇಳಿದಳು.

“ಅಲ್ರಿ ಅಕ್ಕಾರ. ಅದು ಬ್ಯಾರೆ. ಪೂರಾ ಸುಡದ ಮಸಿಯ ಕಣ ಕಾದು ಹೊಳೀತಾವ. ನೋಡಾಕ ಎರಡೂ ಹಳದಿನ.”

“ಹಂಗಾದ್ರ ಯಾವುದಕ್ಕ ಅಂಜಬೇಕು ಅನ್ನೂದು ಹೆಂಗ ತಿಳೀತದ್ರಿ?” ನಾನು ಕೇಳಿದೆ.

“ಉಕ್ಕಿದ್ದು ನಿಂತ ಮ್ಯಾಲ ಉರಿ ಮತ್ತ ನೀಲಿ ಆಗ್ತದ. ಆಗಲಿಲ್ಲ ಅಂದ್ರ ಒಲಿ ಬಂದ್ ಮಾಡು. ಗ್ಯಾಸಿನ ವಾಸನಿ ಬಂತಂದ್ರ ಹೊರಗ ನಡಿ.”

ಆಮೇಲೆ ತಂತಿ ನನ್ನ ಕೈಗೆ ಬಂತು. ತಾಮ್ರದ ಲವಣ ತಾಗಿಸಿ, ಕೈ ಚಾಚಿ, ಕಣ್ಣು ಅರ್ಧ ಮುಚ್ಚಿ ಹಿಡಿದೆ. ಉರಿಯಲ್ಲಿ ನೀಲಿ ಬೆರೆತ ಹಸಿರು ಬಂತು. ಬೆಂಕಿ ಹಸಿರಾಗಬಹುದೆಂದು ಓದಿದ್ದೆ, ನಂಬಿರಲಿಲ್ಲ. ಅಷ್ಟರಲ್ಲಿ ಕಿಟಕಿಯ ಗಾಳಿಗೆ ಉರಿ ನನ್ನ ಕಡೆ ಬಾಗಿತು. ತಂತಿ ಕೈಬಿಟ್ಟು ಚೀರಿದೆ. ಮೇಡಂ ಗ್ಯಾಸು ಬಂದ್ ಮಾಡಿದರು. ಅವ್ವ ನೆಲದ ಮೇಲಿನ ತಂತಿ ಎತ್ತಲು ಬಗ್ಗಿದಳು. “ಮುಟ್ಟಬ್ಯಾಡ್ರಿ, ಇನ್ನೂ ಸುಡ್ತದ,” ಎಂದು ಮೇಡಂ ತಡೆದರು. ಅದು ತಣ್ಣಗಾಗುವ ತನಕ ಮೂವರೂ ನೋಡುತ್ತ ನಿಂತೆವು. ನಂತರ ನಾನೇ ಎತ್ತಿಕೊಂಡೆ.

ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬರ್ನರನ್ನು ನಾನೊಬ್ಬಳೇ ಹೊತ್ತಿಸಿದೆ. ಅಂಜಿಕೆ ಇನ್ನೂ ಇತ್ತು. ಹೆಸರು ಹೇಳದೆ ಕೊಟ್ಟ ಲವಣವನ್ನು ಹಿಡಿದಾಗ ಉರಿಯಲ್ಲಿ ಎಳೆ ಹಸಿರು ಕಂಡಿತು, ತಾಮ್ರದ ಹಾಗೆ ನೀಲಿ ಬೆರೆತದ್ದಲ್ಲ. ಕಣ್ಣು ಮುಚ್ಚದೆ ಮತ್ತೊಮ್ಮೆ ನೋಡಿ, ಬೇರಿಯಂ ಎಂದು ಬರೆದೆ.