ಅವ್ವನ ದೀಕ್ಷಾಸ್ನಾನ

ಕಳೆದ ಭಾನುವಾರ ನಮ್ಮ ಅವ್ವ ಸಭೆಯ ಹಿರಿಯರೊಬ್ಬರನ್ನು ಅಂಗಿಯ ಕಾಲರ್ ಹಿಡಿದು ಕೃಷ್ಣಾ ನದಿಯಿಂದ ಮೇಲೆತ್ತಿದಳು. ನಿಜವಾಗಿ ಅವರು ಅವಳನ್ನು ಎತ್ತಬೇಕಿತ್ತು!

ಮೊದಲಿನಿಂದ ಹೇಳುತ್ತೇನೆ. (ನಗು ತಡೆದುಕೊಂಡು ಹೇಳುವುದು ಕಷ್ಟ.)

ನಾವು ಕ್ರೈಸ್ತರೆಂಬುದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ರಾಯಚೂರಿನ ಮಿಶನ್ ಚರ್ಚಿಗೆ ಹೋಗುತ್ತಿದ್ದ ಅವ್ವ ಈಚೆಗೆ ದೇವದುರ್ಗದ ಒಂದು ಸ್ವತಂತ್ರ ಸಭೆ ಸೇರಿದ್ದಾಳೆ. ಅಲ್ಲಿ ಬಿಷಪ್ ಇಲ್ಲ, ಮಿಶನ್ನಿನ ಬಿಳಿ ದೊರೆ ಇಲ್ಲ, ಸಂಬಳದ ಪಾದ್ರಿಯೂ ಇಲ್ಲ. ಹಿರಿಯ ಯೋಹಾನಪ್ಪನವರು ವಾರವೆಲ್ಲ ಮಾನ್ವಿಯಲ್ಲಿ ಬಟ್ಟೆ ಹೊಲಿಯುತ್ತಾರೆ, ಭಾನುವಾರ ಬಂದು ವಾಕ್ಯ ಹೇಳುತ್ತಾರೆ. ಹೆಂಗಸರೂ ಎದ್ದು ನಿಂತು ಪ್ರಾರ್ಥಿಸಬಹುದು. ಪ್ರಭುಭೋಜನದಲ್ಲಿ ಎಲ್ಲರಿಗೂ ರೊಟ್ಟಿ ಒಂದೇ, ಲೋಟವೂ ಒಂದೇ. ಯಾವ ಕೇರಿಯವರು ಎಂದು ಯಾರೂ ಕೇಳುವಂತಿಲ್ಲ. ಇನ್ನೊಂದು ನಂಬಿಕೆ: ಕೂಸಿನ ತಲೆಗೆ ನೀರು ಚಿಮುಕಿಸಿದರೆ ಸಾಲದು. ಬುದ್ಧಿ ಬಂದ ಮೇಲೆ ತಾನೇ ನಂಬಿ, ತಾನೇ ಬಾಯಿಬಿಟ್ಟು ಹೇಳಿ, ಪೂರ್ತಿ ಮುಳುಗಿ ಏಳಬೇಕು.

ಅವ್ವ ಅದನ್ನೇ ಹಿಡಿದಳು.

"ಕೂಸಿದ್ದಾಗ ನಿನಗ ಆಗ್ಯಾದಲ್ಲ ಯವ್ವಾ?" ಎಂದೆ.

"ಅದು ನಮ್ಮಪ್ಪನ ನಂಬಿಕಿ. ನಂದು ನಾ ಯಾವಾಗ ಹೇಳ್ಲಿ?"

ಮಾತು ಸರಿಯೇ. ಆದರೆ ನನ್ನ ಹೆದರಿಕೆಯೇ ಬೇರೆ. ಅವ್ವನ ತಮ್ಮ ಅದೇ ಕೃಷ್ಣೆಯಲ್ಲಿ ಹರಿಗೋಲು ಮಗುಚಿ ತೀರಿಕೊಂಡವನು. ಅಂದಿನಿಂದ ಅವಳು ಹೊಳೆಗೆ ಕಾಲಿಟ್ಟಿರಲಿಲ್ಲ.

ಹೊರಟೆವು. ಪೆಟ್ರೋಲ್ ಸಿಗದ ಈ ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುವ ಬಸ್ಸೇ ಗತಿ. (ಏರು ಬಂದಲ್ಲೆಲ್ಲ ಟಿಕೆಟ್ ಕೊಂಡವರೇ ಇಳಿದು ತಳ್ಳಬೇಕು.) ದೇವದುರ್ಗದಿಂದ ಚಕ್ಕಡಿ. ದಾರಿಯುದ್ದಕ್ಕೂ ಅವ್ವ ನನ್ನ ಕೈ ಬಿಡಲಿಲ್ಲ.

ದಡದಲ್ಲಿ ಸಭೆಯವರು ಹಾಡು ಶುರು ಮಾಡಿದರು. ಹರಿಗೋಲು ನಡೆಸುವ ಖಾದರ್‌ಸಾಬರೂ ಹುಟ್ಟು ಹಿಡಿದು ನೋಡುತ್ತ ನಿಂತರು. ಯೋಹಾನಪ್ಪನವರು ಸೊಂಟಮಟ್ಟದ ನೀರಿನಿಂದ ಕೈಚಾಚಿದರು. "ಬರ್ರಿ ಯವ್ವಾ, ನಾ ಇದ್ದೀನಿ."

ಅವ್ವ ಮೊಣಕಾಲುದ್ದ ಇಳಿದು ನಿಂತುಬಿಟ್ಟಳು.

"ಸಾಕು ಯವ್ವಾ, ಮನಿಗೆ ಹೋಗೂಣು ಬಾ" ಎಂದೆ. ಅವಳು ತಿರುಗಿ ನೋಡಲಿಲ್ಲ. ತಮ್ಮನ ಹೆಸರನ್ನೊಮ್ಮೆ ಮೆಲ್ಲಗೆ ಅಂದಳು. ಆಮೇಲೆ ಮುಂದೆ ನಡೆದಳು.

"ನಂಬ್ತೀರೇನ್ರೀ ಯವ್ವಾ?"

"ನಂಬೀನಿ!" ಆಚೆ ದಡಕ್ಕೂ ಕೇಳುವ ದನಿ.

ಯೋಹಾನಪ್ಪನವರು ಅವಳ ಬೆನ್ನಿಗೆ ಕೈಕೊಟ್ಟು "ತಂದೆಯ..." ಎಂದರು. ಅಷ್ಟರಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಅವರ ಕಾಲು ಜಾರಿತು. ಇಬ್ಬರೂ ಮಾಯ!

"ಯಾ ಅಲ್ಲಾ!" ಖಾದರ್‌ಸಾಬರು ಹುಟ್ಟು ಎಸೆದು ಧುಮುಕಿದರು. ನಾನು ಚಪ್ಪಲಿ ಸಮೇತ ಹಾರಿದೆ. ನಾವು ಮುಟ್ಟುವಷ್ಟರಲ್ಲಿ ಅವ್ವ ಎದ್ದು ನಿಂತಿದ್ದಳು. ಕೈಯಲ್ಲಿ ಯೋಹಾನಪ್ಪನವರ ಕಾಲರ್! ಅವರು ಕೆಮ್ಮುತ್ತಿದ್ದರು, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಯಾಕ ನಗಾಕತ್ತೀ ಯವ್ವಾ?"

"ಹೊಳಿ ನನ್ನ ಒಯ್ಯಲಿಲ್ಲಪಾ!"

ದಡದಲ್ಲಿ ಚರ್ಚೆ ಶುರು. "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಎಂಬ ಮಾತು ಪೂರ್ತಿಯಾಗಲಿಲ್ಲವಲ್ಲ, ದೀಕ್ಷೆ ಆಯಿತೋ ಇಲ್ಲವೋ? ಆಯಿತು ಎಂದರು ಕೆಲವರು. ಮತ್ತೆ ಮುಳುಗಿಸಬೇಕು ಎಂದರು ಉಳಿದವರು.

ಅವ್ವ ಸೆರಗು ಹಿಂಡುತ್ತ ಕೇಳಿದಳು: "ಉಳಿಸೋದು ನೀರೇನ್ರೀ? ನಂಬಿಕಿ ಅಂತ ನೀವ ಹೇಳೀರಿ. ನಾ ಅಂದದ್ದು ದೇವ್ರಿಗೆ ಕೇಳ್ಯಾದ." ಮತ್ತೆ ಅವಳೇ, "ಆದ್ರ ಇನ್ನೊಮ್ಮಿ ಮುಳುಗಬೇಕಂದ್ರ ನಾ ತಯಾರ್ ಇದ್ದೀನಿ. ಭಾಳ ಚಲೋ ಅನಿಸ್ತು!"

"ಬ್ಯಾಡ ಯವ್ವಾ, ನನ್ನ ಕೈಲೆ ಆಗಂಗಿಲ್ಲ! ನಿಮ್ದು ಆಗ್ಯಾದ!" ಯೋಹಾನಪ್ಪನವರು ಕೈಮುಗಿದು ಮರಳ ಮೇಲೆ ಕುಸಿದರು.

ಸಭೆಗೆ ಸಭೆಯೇ ನಕ್ಕಿತು. ಒದ್ದೆ ಬಟ್ಟೆಯಲ್ಲೇ ಒಂದು ಜೋಳದ ರೊಟ್ಟಿ ಮುರಿದು ಹಂಚಿಕೊಂಡೆವು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಯಾರೋ ಕಿಸಕ್ಕೆಂದರು, ಮತ್ತೆ ಎಲ್ಲರಿಗೂ ನಗು. ಅವ್ವನ ಮುಖ ಅಷ್ಟು ಹಗುರಾಗಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ದೇವರ ಮುಂದೆ ಮುಖ ಗಂಟಿಕ್ಕಿಕೊಂಡೇ ಕೂರಬೇಕೆಂದು ನಮಗೆ ಕಲಿಸಿದವರು ಯಾರು?